ನಾಗಸಾಕಿಯ ಇಪ್ಪತ್ತಾರು ರಕ್ತಸಾಕ್ಷಿಗಳು

ಜಪಾನಿನ ನಾಗಸಾಕಿಯಲ್ಲಿರುವ ನಿಶಿಜಾಕಾ ಗುಡ್ಡದ ಮೇಲೆ 1597ರ ಫೆಬ್ರವರಿ 5ರಂದು ಶಿಲುಬೆಗೇರಿ ಮಡಿದ ಕ್ರೈಸ್ತರು. ಇವರಲ್ಲಿ ಆರು ಮಂದಿ ಹೊರನಾಡಿನಿಂದ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು, ಮೂವರು ಯೇಸುಸಭೆಗೆ ಸೇರಿದ ಜಪಾನೀಯರು, ಉಳಿದ ಹದಿನೇಳು ಮಂದಿ ಶ್ರೀಸಾಮಾನ್ಯ ವಿಶ್ವಾಸಿಗಳು. ಸಾವಿನ ಗಳಿಗೆಯಲ್ಲೂ ಬೋಧನೆ ನಿಲ್ಲಿಸಲಿಲ್ಲವೆಂಬ ಕಾರಣಕ್ಕೆ ಕ್ರೈಸ್ತ ಇತಿಹಾಸದಲ್ಲಿ ಇವರ ಹೆಸರು ಉಳಿದಿದೆ.

ಸಂತ ಫ್ರಾನ್ಸಿಸ್ ಜೇವಿಯರ್ 1549ರಲ್ಲಿ ಕಾಗೋಶಿಮಾಕ್ಕೆ ಬಂದಿಳಿದ ಮೇಲೆ ಜಪಾನಿನಲ್ಲಿ ಕ್ರೈಸ್ತಮತ ಬೇರು ಬಿಟ್ಟಿತು. ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ 1587ರಲ್ಲಿ ಪಾದ್ರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನಾದರೂ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಯೇಸುಸಭೆಯವರು ಸದ್ದಿಲ್ಲದೆ ಕೆಲಸ ಮುಂದುವರಿಸಿದರು. 1593ರಲ್ಲಿ ಮನಿಲಾದಿಂದ ರಾಯಭಾರಿಗಳಾಗಿ ಬಂದ ಫ್ರಾನ್ಸಿಸ್ಕನ್ನರು ಮಾತ್ರ ಕ್ಯೋಟೊದಲ್ಲಿ ಬಹಿರಂಗವಾಗಿಯೇ ಬೋಧಿಸತೊಡಗಿದರು. 1596ರಲ್ಲಿ ಸಾನ್ ಫೆಲಿಪೆ ಎಂಬ ಸ್ಪೇನಿನ ಹಡಗು ತೋಸಾ ತೀರದಲ್ಲಿ ಒಡೆಯಿತು. ಅದರ ಸರಕು ಜಪ್ತಿಯಾಗಿ ವಿವಾದ ಬೆಳೆದಾಗ, ಪಾದ್ರಿಗಳ ಬೆನ್ನಿಗೇ ಸ್ಪೇನಿನ ಸೈನ್ಯ ಬರುತ್ತದೆಂಬ ಶಂಕೆ ಹಿದೆಯೋಶಿಗೆ ಹತ್ತಿತು. ಶಂಕೆ ಹುಟ್ಟಿಸಿದ ಮಾತು ಯಾರದೆಂಬುದರ ಬಗ್ಗೆ ಯೇಸುಸಭೆಯವರೂ ಫ್ರಾನ್ಸಿಸ್ಕನ್ನರೂ ಪರಸ್ಪರ ದೂರಿಕೊಂಡರು. ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

ಹಿದೆಯೋಶಿಯ ಆಜ್ಞೆಯಂತೆ ಕ್ಯೋಟೊ, ಓಸಾಕಾಗಳಲ್ಲಿ ಸೆರೆಸಿಕ್ಕ ಇಪ್ಪತ್ತನಾಲ್ವರ ಎಡಗಿವಿಯ ತುದಿಯನ್ನು ಕತ್ತರಿಸಿ, ಗಾಡಿಗಳಲ್ಲಿ ಕೂರಿಸಿ ಬೀದಿಬೀದಿ ಮೆರೆಸಲಾಯಿತು. ಅಲ್ಲಿಂದ ನಾಗಸಾಕಿಗೆ ಚಳಿಗಾಲದ ನಡುವೆ ಸುಮಾರು ಒಂದು ತಿಂಗಳ ಪಯಣ. ದಾರಿಯಲ್ಲಿ ಇವರ ಉಪಚಾರಕ್ಕೆ ನಿಂತಿದ್ದ ಇಬ್ಬರನ್ನೂ ಕಾವಲುಗಾರರು ಗುಂಪಿಗೆ ಸೇರಿಸಿದರು. ನೋಡಿದವರು ಹೆದರಬೇಕೆಂಬುದೇ ಈ ಮೆರವಣಿಗೆಯ ಉದ್ದೇಶ. ಆದರೆ ಊರೂರಲ್ಲಿ ಜನ ಸೇರಿಸಿಕೊಟ್ಟ ಸರ್ಕಾರವೇ ಬೋಧಕರಿಗೆ ಕೇಳುಗರನ್ನೂ ಒದಗಿಸಿದಂತಾಯಿತು.

ಅದನ್ನು ಚೆನ್ನಾಗಿ ಬಳಸಿಕೊಂಡವನು ಪೌಲ್ ಮಿಕಿ. ಸಮುರಾಯ್ ಮನೆತನದ ಈತ ಅಜುಚಿಯ ಸೆಮಿನರಿಯಲ್ಲಿ ಓದಿ ಯೇಸುಸಭೆ ಸೇರಿದ್ದ, ಮಾತುಗಾರನೆಂದು ಹೆಸರಾಗಿದ್ದ. ಶಿಕ್ಷೆಗೊಳಗಾದವರು ಫಿಲಿಪ್ಪೀನ್ಸಿನಿಂದ ಬಂದವರೆಂದು ಮರಣದಂಡನೆಯ ಫಲಕದಲ್ಲಿ ಬರೆದಿತ್ತು. ಶಿಲುಬೆಯ ಮೇಲಿಂದ ಮಿಕಿ ಮೊದಲು ಅಲ್ಲಗಳೆದದ್ದು ಈ ಮಾತನ್ನೇ: ತಾನು ಜಪಾನೀಯ, ಕ್ರಿಸ್ತನ ಬೋಧನೆ ಸಾರಿದ್ದೊಂದೇ ತನ್ನ ಅಪರಾಧ ಎಂದ. ಕೊಲ್ಲಿಸುತ್ತಿದ್ದ ಹಿದೆಯೋಶಿಯನ್ನೂ ಕ್ಷಮಿಸಿದ್ದೇನೆಂದು ಹೇಳಿ, ನೆರೆದವರು ಕ್ರೈಸ್ತರಾಗಲೆಂದು ಹಾರೈಸಿದ. ಬಳಿಕ ಇಬ್ಬದಿಯಿಂದ ಈಟಿಗಳು ಬಿದ್ದವು. ಈ ವಿವರಗಳು ಮುಖ್ಯವಾಗಿ ನಾಗಸಾಕಿಯಲ್ಲೇ ಇದ್ದ ಯೇಸುಸಭೆಯ ಲೂಯಿಸ್ ಫ್ರೋಯಿಸ್ ಅದೇ ವರ್ಷ ಬರೆದ ವರದಿಯಿಂದ ಬಂದವು. ಅದು ಸ್ವಪಕ್ಷದ ಬರಹವೆಂಬುದನ್ನು ಓದುಗರು ನೆನಪಿಡಬೇಕು. ನಾಗಸಾಕಿ ಆಗ ಬಹುಮಟ್ಟಿಗೆ ಕ್ರೈಸ್ತರ ಪಟ್ಟಣವಾಗಿದ್ದುದರಿಂದ ಮಿಕಿಯ ಮಾತು ಹೊಸಬರಿಗಿಂತ ಆಗಲೇ ನಂಬಿದ್ದವರ ಕಿವಿಗೇ ಹೆಚ್ಚಾಗಿ ಬಿದ್ದಿರಬೇಕು.

ಗುಂಪಿನ ಅತಿ ಕಿರಿಯ ಲೂಯಿಸ್ ಇಬಾರಾಕಿಗೆ ಹನ್ನೆರಡು ವರ್ಷ. ಮತ ಬಿಟ್ಟರೆ ಬಿಡುಗಡೆ ಎಂಬ ಆಮಿಷವನ್ನು ಅವನು ತಿರಸ್ಕರಿಸಿದನೆಂದು ಹೇಳುತ್ತಾರೆ. ಹದಿನಾಲ್ಕರ ಥಾಮಸ್ ಕೊಜಾಕಿ ದಾರಿಯಲ್ಲಿ ತಾಯಿಗೆ ಬರೆದ ಪತ್ರ, ಅವನೊಂದಿಗೇ ಶಿಲುಬೆಗೇರಿದ ತಂದೆಯ ಶವದ ಮೇಲೆ ಸಿಕ್ಕಿತು.

ಭಾರತದ ನಂಟೂ ಇಲ್ಲಿದೆ. ಫ್ರಾನ್ಸಿಸ್ಕನ್ನರಿಗೆ ದುಭಾಷಿಯಾಗಿದ್ದ ಗೊನ್ಸಾಲೊ ಗಾರ್ಸಿಯಾ ಹುಟ್ಟಿದ್ದು ಮುಂಬಯಿ ಬಳಿಯ ವಸಾಯಿಯಲ್ಲಿ. ತಂದೆ ಪೋರ್ಚುಗೀಸ, ತಾಯಿ ಸ್ಥಳೀಯಳು. ಹುಡುಗನಾಗಿದ್ದಾಗಲೇ ಯೇಸುಸಭೆಯವರೊಂದಿಗೆ ಜಪಾನಿಗೆ ಹೋಗಿ ಭಾಷೆ ಕಲಿತು, ಕೆಲಕಾಲ ವ್ಯಾಪಾರ ಮಾಡಿ, ಮನಿಲಾದಲ್ಲಿ ಸಂನ್ಯಾಸಿಯಾದವನು ಈತ. ವಸಾಯಿಯ ಕ್ರೈಸ್ತರು ಇಂದಿಗೂ ಅವನ ಹಬ್ಬ ಆಚರಿಸುತ್ತಾರೆ.

ಪೋಪ್ ಒಂಬತ್ತನೇ ಪಿಯುಸ್ 1862ರಲ್ಲಿ ಇಪ್ಪತ್ತಾರು ಮಂದಿಯನ್ನೂ ಸಂತರೆಂದು ಘೋಷಿಸಿದರು. ಇವರ ಹೆಸರಿನಲ್ಲಿ, ನಿಶಿಜಾಕಾದ ದಿಕ್ಕಿಗೆ ಮುಖಮಾಡಿ ಕಟ್ಟಿದ ಔರಾ ಚರ್ಚಿಗೆ 1865ರ ಮಾರ್ಚಿನಲ್ಲಿ ಕೆಲವು ಹಳ್ಳಿಗರು ಬಂದು, ತಾವೂ ಅದೇ ವಿಶ್ವಾಸದವರೆಂದು ಪಾದ್ರಿಗೆ ಮೆಲ್ಲಗೆ ತಿಳಿಸಿದರು. ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿಗಳಿಲ್ಲದೆ, ಗುಟ್ಟಾಗಿ, ತಂದೆತಾಯಿಯರಿಂದ ಮಕ್ಕಳಿಗೆ ಬಂದ ವಿಶ್ವಾಸ ಅದು. 1597ರ ಬಳಿಕ ಕ್ರೈಸ್ತಮತದ ಮೇಲೆ ಹೇರಿದ ನಿಷೇಧ ಆಗಲೂ ಜಾರಿಯಲ್ಲಿತ್ತು. ಅದು ತೆರವಾದದ್ದು 1873ರಲ್ಲಿ.