ಸಂಕಮ್ಮನ ಸಾಲು

ಕನ್ನಡ ಪತ್ರಿಕೆಗಳ ಚರಿತ್ರೆ ಬರೆಯುವವರು 1843ರ ‘ಮಂಗಳೂರ ಸಮಾಚಾರ’ದಿಂದ ಶುರು ಮಾಡುತ್ತಾರೆ. ಅದು ಸರಿಯೇ. ಆದರೆ ಅಕ್ಷರ ಬಾರದ ಊರುಗಳಿಗೂ ಕತೆ, ನ್ಯಾಯ, ಅನ್ಯಾಯದ ಮಾತು ತಲುಪುತ್ತಿತ್ತಲ್ಲ, ಅದನ್ನು ಹೊತ್ತು ತಂದವರು ಯಾರು? ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆ ಕೇಳಿದರೆ, ಕಂಸಾಳೆಯವರು ಎನ್ನುತ್ತಾರೆ. ಮಲೆ ಮಾದೇಶ್ವರನಿಗೆ ಹರಕೆ ಹೊತ್ತು ದೀಕ್ಷೆ ಪಡೆದ ದೇವರಗುಡ್ಡರು ಇವರು. ಕಂಚಿನ ತಾಳ ಹಿಡಿದು, ಜೋಳಿಗೆ ಹಾಕಿಕೊಂಡು ಅಂಗಳಕ್ಕೆ ಬಂದರೆ ಮನೆಯ ಹೆಂಗಸರು ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಅವರು ಹಾಡುವ ಕಾವ್ಯದ ಒಂದು ಭಾಗ ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಜೇನಿಗೆಂದು ಮಲೆಗೆ ಹೊರಡುತ್ತಾನೆ. ಹೊರಡುವ ಮುಂಚೆ ಹೆಂಡತಿ ಸಂಕಮ್ಮ ತನ್ನ ಶೀಲದ ಬಗ್ಗೆ ಭಾಷೆ ಕೊಡಬೇಕಂತೆ! ಆಕೆ ಒಪ್ಪುವುದಿಲ್ಲ. ಗಂಡ ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಆಗ ಮಾದೇಶ್ವರ ಜಂಗಮನ ವೇಷದಲ್ಲಿ ಭಿಕ್ಷೆಗೆ ಬಂದು ಅವಳನ್ನು ಬಿಡಿಸುತ್ತಾನೆ. ಮಕ್ಕಳಿಲ್ಲದ ಅವಳಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸುತ್ತಾನೆ. ಪವಾಡಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದಕ್ಕೆ ಮುಂಚಿನ ಆ ‘ಒಲ್ಲೆ’. ಹಾಡುವವರು ಬಹುಪಾಲು ಗಂಡಸರೇ. ಕೇಳುವವರಲ್ಲಿ ಗಂಡಂದಿರೂ ಕೂತಿರುತ್ತಾರೆ. ಅಂಥ ಸಭೆಯಲ್ಲಿ ಗಂಡನ ಅನುಮಾನವನ್ನು ತಪ್ಪೆಂದು ಸಾರಲು, ದೇವರನ್ನೇ ಹೆಂಡತಿಯ ಪಕ್ಷದಲ್ಲಿ ನಿಲ್ಲಿಸಿದ್ದಾರೆ. ಇದಕ್ಕಿಂತ ಜಾಣ ಉಪಾಯ ಯಾವ ಸಂಪಾದಕರಿಗೆ ಹೊಳೆದೀತು?

ವಿದ್ವಾಂಸರು ಈ ಕಡೆ ಕಿವಿಗೊಟ್ಟದ್ದು ತಡವಾಗಿ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಯಿತು. ಹಾಡಿದವರ ಹೆಸರೂ ಅಲ್ಲಿ ದಾಖಲಾಯಿತು. ಸಣ್ಣ ಸಂಗತಿಯಲ್ಲ ಇದು. ತಲೆತಲಾಂತರ ಹಾಡಿದ ಎಷ್ಟೋ ಮಂದಿಗೆ ಆ ಭಾಗ್ಯವಿರಲಿಲ್ಲ.

ಪಟ್ಟಣದ ನಮಗೆ ಮಾದಪ್ಪನ ಹಾಡು ಬಂದದ್ದು ಬೇರೆ ದಾರಿಯಿಂದ. 1996ರ ‘ಜನುಮದ ಜೋಡಿ’ ಚಿತ್ರದ ‘ಕೋಲುಮಂಡೆ’ ಕ್ಯಾಸೆಟ್ಟಿನಲ್ಲಿ ಮನೆಮನೆ ಸೇರಿತು. ಚೆನ್ನಾಗಿಯೇ ಇದೆ, ನಾನೂ ಗುನುಗಿದ್ದೇನೆ. ಆದರೆ ಕ್ಯಾಸೆಟ್ಟಿಗೆ ಬೇಕಾದದ್ದು ಕೆಲವೇ ನಿಮಿಷದ ತಾಳ. ಕಂಸಾಳೆಯವರು ರಾತ್ರಿಯಿಡೀ ಹಾಡುವಾಗ ಸಂಕಮ್ಮ ಗಂಡನ ಎದುರು ನಿಂತು ಆಡುವ ಮಾತುಗಳಿಗೆ ಅಲ್ಲಿ ಜಾಗವಿರಲಿಲ್ಲ.