‘ನಿಮಗೇನು ಸಂಬಂಧ?’ ಎಂದವರಿಗೆ ಉತ್ತರಿಸಿದ ವಕೀಲೆ

ಮಹಿಳಾ ವಕೀಲರ ಇತಿಹಾಸ ಎಂದೊಡನೆ ನಮಗೆ ಕಾರ್ನೇಲಿಯಾ ಸೊರಾಬ್ಜಿಯವರ ನೆನಪಾಗುತ್ತದೆ. ನೆರೆಯ ಬಾಂಗ್ಲಾದೇಶದ ಸೈಯದಾ ರಿಜ್ವಾನಾ ಹಸನ್ ಅವರನ್ನೂ ಆ ಸಾಲಿನಲ್ಲಿ ನೆನೆಯಬೇಕು ಎಂಬುದು ನನ್ನ ಅನಿಸಿಕೆ.

1968ರಲ್ಲಿ ಹುಟ್ಟಿದ ರಿಜ್ವಾನಾ, ಢಾಕಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1993ರಲ್ಲಿ ಅಲ್ಲಿನ ಪರಿಸರ ವಕೀಲರ ಸಂಘ ‘ಬೇಲಾ’ ಸೇರಿದರು. ಅದನ್ನು ಕಟ್ಟಿದವರು ಮೊಹಿಯುದ್ದೀನ್ ಫಾರೂಕ್. ಟಾಂಗೈಲ್‌ನ ಪ್ರವಾಹ ನಿಯಂತ್ರಣ ಯೋಜನೆಯಿಂದ ಜನ ನೆಲೆ ಕಳೆದುಕೊಳ್ಳುತ್ತಾರೆಂದು ಅವರು ಕೋರ್ಟಿಗೆ ಹೋದಾಗ, ‘ನೀವು ನೊಂದವರಲ್ಲ’ ಎಂಬ ಕಾರಣಕ್ಕೆ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಲಿಸಿ, ಸಾರ್ವಜನಿಕ ಹಿತಕ್ಕಾಗಿ ಬೇರೆಯವರೂ ಬರಬಹುದು ಎಂದಿತು. ಭಾರತದಲ್ಲಿ 1980ರ ದಶಕದಲ್ಲೇ ತೆರೆದಿದ್ದ ಬಾಗಿಲು ಅಲ್ಲೂ ತೆರೆಯಿತು.

1997ರ ಕೊನೆಯಲ್ಲಿ ಫಾರೂಕ್ ತೀರಿಕೊಂಡರು. ಸಂಘದ ಹೊಣೆ ರಿಜ್ವಾನಾ ಹೆಗಲಿಗೆ ಬಿತ್ತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅವರು ಕೈಗೆತ್ತಿಕೊಂಡ ದೊಡ್ಡ ಹೋರಾಟ ಹಡಗು ಒಡೆಯುವ ಉದ್ಯಮದ್ದು. ಶ್ರೀಮಂತ ದೇಶಗಳ ಹಳೆಯ ಹಡಗುಗಳನ್ನು ಚಿತ್ತಗಾಂಗ್ ಬಳಿಯ ಸೀತಾಕುಂಡದ ದಡಕ್ಕೆ ಭರತದ ವೇಳೆ ನುಗ್ಗಿಸಿ ನಿಲ್ಲಿಸುತ್ತಾರೆ. ಕೂಲಿಗಳು ಗ್ಯಾಸ್ ಕಟರ್ ಹಿಡಿದು ಅವನ್ನು ತುಂಡು ಮಾಡುತ್ತಾರೆ. ಕಲ್ನಾರು, ಎಣ್ಣೆ, ವಿಷದ ಬಣ್ಣ ಅವರ ಮೈಗೂ ಕಡಲಿಗೂ ಸೇರುತ್ತವೆ. 2003ರಲ್ಲಿ ಬೇಲಾ ಕೋರ್ಟಿಗೆ ಹೋಯಿತು. 2009ರ ಮಾರ್ಚ್‌ನಲ್ಲಿ, ಪರಿಸರ ಅನುಮತಿ ಇಲ್ಲದ ಯಾರ್ಡುಗಳನ್ನು ಎರಡು ವಾರದಲ್ಲಿ ಮುಚ್ಚಬೇಕೆಂದು ಹೈಕೋರ್ಟು ಆದೇಶಿಸಿತು. ಅದೇ ವರ್ಷ ಅವರಿಗೆ ಗೋಲ್ಡ್‌ಮನ್ ಪ್ರಶಸ್ತಿ, 2012ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದವು.

ಇದು ಪರದೇಶದ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. 2006ರಲ್ಲಿ ಕಲ್ನಾರಿನ ಕಾರಣಕ್ಕೆ ಬಾಂಗ್ಲಾದೇಶ ಒಳಗೆ ಬಿಡದ ‘ಎಸ್.ಎಸ್. ನಾರ್ವೇ’ ಹಡಗು ಬಂದು ನಿಂತದ್ದು ನಮ್ಮ ಗುಜರಾತಿನ ಅಲಂಗ್‌ನಲ್ಲಿ. 2007ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ಒಡೆಯಲು ಒಪ್ಪಿಗೆ ನೀಡಿತು. ಮುಂಬೈಯ ದಾರುಖಾನಾದಲ್ಲೂ ಹಡಗು ಒಡೆಯುವ ಕಸುಬು ಹಳೆಯದೇ.

ಆದೇಶ ಬಂದ ಮೇಲೂ ಯಾರ್ಡುಗಳು ಮತ್ತೆ ತೆರೆದವು, ಕಾರ್ಮಿಕರ ಸಾವು ನಿಲ್ಲಲಿಲ್ಲ. ಸುರಕ್ಷಿತವಾಗಿ ಹಡಗು ಒಡೆಯುವ ಬಗೆಗಿನ ಹಾಂಗ್‌ಕಾಂಗ್ ಒಪ್ಪಂದ ಜಾರಿಗೆ ಬಂದದ್ದು 2025ರ ಜೂನ್‌ನಲ್ಲಷ್ಟೇ. ಆದರೂ ಆ ಆದೇಶ ಸಣ್ಣದಲ್ಲ. ಗುರುತಿನ ಚೀಟಿಯೂ ಇಲ್ಲದ ಕೂಲಿಯ ಉಸಿರು ನ್ಯಾಯಾಲಯದ ಕಡತದಲ್ಲಿ ದಾಖಲಾಯಿತು.

ಐಟಿ ಕಚೇರಿಯಲ್ಲಿ ‘ಅದು ನನ್ನ ಮಾಡ್ಯೂಲ್ ಅಲ್ಲ’ ಎಂಬ ಮಾತು ನಾನು ದಿನವೂ ಕೇಳುತ್ತೇನೆ. ಹೆಣ್ಣುಮಕ್ಕಳಿಗಂತೂ ‘ನಿನಗ್ಯಾಕೆ ಊರ ಉಸಾಬರಿ?’ ಎಂಬ ಬುದ್ಧಿಮಾತು ಮನೆಯಿಂದಲೇ ಶುರು. ಊರ ಉಸಾಬರಿಯನ್ನೇ ವೃತ್ತಿಯಾಗಿಸಿಕೊಂಡ ಈ ವಕೀಲೆಯ ಕಥೆಯನ್ನು ನಮ್ಮ ಹುಡುಗಿಯರಿಗೆ ಹೇಳೋಣ.