ಖಾನೇಷುಮಾರಿಯಲ್ಲಿ ಕಲ್ಯಾಣದ ನಾಡು



ಬಸವಕಲ್ಯಾಣವೆಂದೊಡನೆ ನಮ್ಮ ಮನಸ್ಸು ಹನ್ನೆರಡನೆಯ ಶತಮಾನದತ್ತ ಹರಿಯುತ್ತದೆ. ಅದು ಸಹಜವೇ. ಆದರೆ ಅನುಭವ ಮಂಟಪದ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಎಂಟುನೂರು ವರ್ಷಗಳು ಸಂದಿವೆ. ಅದರ ಕಡೆಯ ಭಾಗದಲ್ಲಿ ಈ ನಾಡಿನ ಜನ ಯಾರ ಆಳ್ವಿಕೆಯಲ್ಲಿದ್ದರು, ಎಷ್ಟು ಮಂದಿಯಿದ್ದರು, ಯಾವ ನುಡಿಯವರಾಗಿದ್ದರು ಎಂದು ನಾವು ಕೇಳಿಕೊಳ್ಳುವುದು ವಿರಳ. ಆ ಪ್ರಶ್ನೆಗಳಿಗೆ ಉತ್ತರ ಖಾನೇಷುಮಾರಿಯಲ್ಲಿದೆ.

1657ರಲ್ಲಿ ಔರಂಗಜೇಬನು ಬೀದರ ಹಾಗೂ ಕಲ್ಯಾಣದ ಕೋಟೆಗಳನ್ನು ಗೆದ್ದನು. 1724ರ ಬಳಿಕ ದಖ್ಖಣವು ನಿಜಾಮರ ಕೈಸೇರಿತು. 1798 ಮತ್ತು 1800ರ ಒಪ್ಪಂದಗಳಿಂದ ನಿಜಾಮರೇ ಇಂಗ್ಲಿಷರ ಸಹಾಯಕ ಸೈನ್ಯಕ್ಕೆ ಅಧೀನರಾದರು. ಸೈನ್ಯದ ವೆಚ್ಚದ ಬಾಕಿಗಾಗಿ 1853ರಲ್ಲಿ ಬೇರಾರ ಪ್ರಾಂತವನ್ನು ಇಂಗ್ಲಿಷರ ವಶಕ್ಕೆ ಬಿಟ್ಟುಕೊಡಬೇಕಾಯಿತು. ಕಲ್ಯಾಣವಾದರೋ ನವಾಬರೊಬ್ಬರ ಜಹಗೀರಾಗಿತ್ತು. ಹೀಗೆ ಇಲ್ಲಿಯ ಒಕ್ಕಲಿಗನ ಮೇಲೆ ಜಹಗೀರುದಾರ, ಅವನ ಮೇಲೆ ನಿಜಾಮ, ನಿಜಾಮನ ಮೇಲೆ ಇಂಗ್ಲಿಷ್ ರೆಸಿಡೆಂಟ್! ಒಂದು ಹೆಗಲ ಮೇಲೆ ಮೂರು ನೊಗ.

82 ಸಾವಿರ ಚದರ ಮೈಲಿಗಳಿಗೂ ಮಿಗಿಲಾದ ಈ ಸಂಸ್ಥಾನದಲ್ಲಿ ಮೊದಲ ಖಾನೇಷುಮಾರಿ ನಡೆದದ್ದು 1881ರಲ್ಲಿ. ಆಗಿನ ಜನಸಂಖ್ಯೆ 98 ಲಕ್ಷ. 1891ರಲ್ಲಿ ಅದು 1 ಕೋಟಿ 15 ಲಕ್ಷಕ್ಕೇರಿತು. ಅನಂತರ ಬಂದ 1899-1900ರ ಭೀಕರ ಕ್ಷಾಮದ ದೆಸೆಯಿಂದ 1901ರಲ್ಲಿ 1 ಕೋಟಿ 11 ಲಕ್ಷಕ್ಕೆ ಇಳಿಯಿತು. 1911ರಲ್ಲಿ 1 ಕೋಟಿ 33 ಲಕ್ಷವಿದ್ದ ಸಂಖ್ಯೆ 1921ರಲ್ಲಿ 1 ಕೋಟಿ 24 ಲಕ್ಷವಾಯಿತು. ಅದು 1918ರ ಇನ್‌ಫ್ಲುಯೆಂಜಾ ಮಾರಿಯ ದಶಕ. ವಾಚಕರೇ, ಈ ಇಳಿತದ ಹಿಂದೆ ದೀಪವಾರಿದ ಮನೆಗಳೆಷ್ಟಿದ್ದವೆಂಬುದನ್ನು ತಾವೇ ಊಹಿಸಬಹುದು.

ಇನ್ನು ನುಡಿಯ ವಿಚಾರ. 1901ರ ಎಣಿಕೆಯಂತೆ ನೂರಕ್ಕೆ ಸುಮಾರು 46 ಮಂದಿ ತೆಲುಗರು, 26 ಮಂದಿ ಮರಾಠಿಗರು, 14 ಮಂದಿ ಕನ್ನಡಿಗರು, 10 ಮಂದಿ ಉರ್ದು ಭಾಷಿಕರು. ಆಡಳಿತದ ನುಡಿ ಮಾತ್ರ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. ಉರ್ದು ಈ ನೆಲದ್ದೇ ಸುಂದರ ನುಡಿ, ಅದರಲ್ಲಿ ದೋಷವಿಲ್ಲ. ಮಗುವಿಗೆ ತಾಯ್ನುಡಿಯ ಅಕ್ಷರ ದೊರೆಯದೆ ಹೋದದ್ದೇ ದುಃಖ. ಇಂಥ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಭಾಗದವರು ಇಂದಿಗೂ ಸ್ಮರಿಸುತ್ತಾರೆ.

1948ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. ಆದರೂ ಕಲ್ಯಾಣವು ಕರ್ನಾಟಕಕ್ಕೆ ಸೇರುವುದು ನಿಶ್ಚಿತವಾಗಿರಲಿಲ್ಲ. ಬೀದರ ಜಿಲ್ಲೆಯನ್ನು ಇಡಿಯಾಗಿ ಎಣಿಸಿದರೆ ಯಾವ ನುಡಿಗೂ ಬಹುಮತವಿರಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಈ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಡನೆ ಹೈದರಾಬಾದಿನಲ್ಲಿಯೇ ಉಳಿಸಲು ಶಿಫಾರಸು ಮಾಡಿತು. ಕೊನೆಗೆ ಜಿಲ್ಲೆಯನ್ನು ತಾಲ್ಲೂಕುವಾರಾಗಿ ವಿಂಗಡಿಸಲಾಯಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೂ ಹೋದವು. ಆ ಪಟ್ಟಿಯಲ್ಲಿ ಕಲ್ಯಾಣದ ಹೆಸರಿಲ್ಲ. ಅದು ಹುಮನಾಬಾದದ ಹೆಸರಿನೊಳಗೆ ಅಡಗಿ ತಾಯ್ನಾಡಿಗೆ ಬಂದಿತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು: ಸಂಸ್ಥಾನವನ್ನು ಎಣಿಸಿದರೆ ಕನ್ನಡಿಗರು ಏಳರಲ್ಲೊಂದು ಪಾಲು, ಜಿಲ್ಲೆಯನ್ನು ಎಣಿಸಿದರೆ ಹಲವರಲ್ಲೊಬ್ಬರು, ತಾಲ್ಲೂಕನ್ನು ನೋಡಿದಾಗ ಮಾತ್ರ ಅವರ ನೆಲೆ ಕಂಡಿತು. ಜನರು ಅವರೇ, ಅಳೆಯುವ ಕೊಳಗ ಮಾತ್ರ ಬೇರೆ. ಸಂಖ್ಯೆಗಳನ್ನು ಓದುವಾಗ ಕೊಳಗವನ್ನೂ ನೋಡಬೇಕು.

2019ರ ಸೆಪ್ಟೆಂಬರ 17ರಂದು ಹೈದರಾಬಾದ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ನಾಮಕರಣವಾಯಿತು. ಅಂದು ಪಟ್ಟಿಯಲ್ಲಿ ಕಾಣದಿದ್ದ ಊರು ಇಂದು ಇಡೀ ಸೀಮೆಗೆ ಹೆಸರಾಗಿದೆ. ಆ ಹೆಸರನ್ನು ಉಚ್ಚರಿಸುವಾಗ ಶರಣರ ನೆನಪಿನೊಡನೆ, ಕ್ಷಾಮ ಮಾರಿಗಳನ್ನುಂಡು ನುಡಿಯನ್ನುಳಿಸಿಕೊಂಡ ಈ ಅಜ್ಞಾತ ಜನಕೋಟಿಯ ನೆನಪೂ ನಮ್ಮಲ್ಲಿರಲಿ.